ಕೀನ್ಯಾದ ಕಿವುಡ ಮಕ್ಕಳ ಶಾಲೆಗಳಲ್ಲಿ ಸ್ವಯಂಸೇವಕ ಶಿಕ್ಷಕರು

ಕಿವುಡ ಮಕ್ಕಳಿಗೆ ಪಾಠ ಹೇಳಲು ಹೊರದೇಶಗಳಿಂದ ಸ್ವಯಂಸೇವಕರು ಬಂದು ವರ್ಷಗಟ್ಟಲೆ ನೆಲೆಸಿದ ನಾಡುಗಳಲ್ಲಿ ಪೂರ್ವ ಆಫ್ರಿಕಾದ ಕೀನ್ಯಾ ಮುಖ್ಯವಾದದ್ದು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ 1961ರಲ್ಲಿ ಪೀಸ್ ಕೋರ್ ಎಂಬ ಸ್ವಯಂಸೇವಾ ಸಂಸ್ಥೆಯನ್ನು ಆರಂಭಿಸಿದರು. ಕೀನ್ಯಾ ಸ್ವತಂತ್ರವಾದದ್ದು 1963ರ ಡಿಸೆಂಬರಿನಲ್ಲಿ. ಅದರ ಮರುವರ್ಷವೇ ಈ ಸಂಸ್ಥೆಯವರು ಅಲ್ಲಿಗೆ ಕಾಲಿಟ್ಟರು. ಬೇಸಾಯ, ಕುಡಿಯುವ ನೀರು, ಸಾಮಾನ್ಯ ಶಾಲೆಗಳ ಕೆಲಸದ ಜೊತೆಗೆ 1990ರ ದಶಕದಲ್ಲಿ ಕಿವುಡ ಮಕ್ಕಳ ಶಿಕ್ಷಣವೂ ಅವರ ಕಾರ್ಯಕ್ರಮಕ್ಕೆ ಸೇರಿತು. ಭದ್ರತೆಯ ಕಾರಣದಿಂದ 2014ರಲ್ಲಿ ಸ್ವಯಂಸೇವಕರನ್ನು ಹಿಂದಕ್ಕೆ ಕರೆಸಿಕೊಳ್ಳುವವರೆಗೂ ಈ ಕೆಲಸ ನಡೆಯಿತು. ಹೋದವರಲ್ಲಿ ಕಿವಿ ಕೇಳುವವರಿದ್ದಂತೆ, ಸ್ವತಃ ಕಿವುಡರಾದವರೂ ಇದ್ದರು.

ಆಫ್ರಿಕಾದಲ್ಲಿ ಇಂಥ ಸೇವೆಗೆ ಇನ್ನೂ ಹಿಂದಿನ ಪರಂಪರೆಯೊಂದಿದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹುಟ್ಟಿದ ಆಂಡ್ರ್ಯೂ ಫಾಸ್ಟರ್ ಹನ್ನೊಂದನೆಯ ವಯಸ್ಸಿನಲ್ಲಿ ಮೆದುಳು ಪೊರೆಯ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡವರು. ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಿಂದ 1954ರಲ್ಲಿ ಪದವಿ ಪಡೆದು, ಅಲ್ಲಿ ಪದವೀಧರರಾದ ಮೊದಲ ಕಪ್ಪು ಜನಾಂಗದ ವ್ಯಕ್ತಿ ಎನಿಸಿದರು. 1957ರಲ್ಲಿ ಘಾನಾಕ್ಕೆ ಹೋಗಿ ಅಕ್ರಾ ನಗರದಲ್ಲಿ ಕಿವುಡರಿಗಾಗಿ ಶಾಲೆ ತೆರೆದರು. 1987ರಲ್ಲಿ ರುವಾಂಡಾದಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಶ್ರಮದಿಂದ ಆಫ್ರಿಕಾದ ಹಲವು ದೇಶಗಳಲ್ಲಿ 30ಕ್ಕೂ ಹೆಚ್ಚು ಶಾಲೆಗಳು ಎದ್ದಿದ್ದವು. ಕಿವುಡ ಮಗುವಿಗೆ ಕೈಯ ಭಾಷೆಯಲ್ಲೇ ಪಾಠ ಹೇಳಬೇಕು, ಹೇಳಬಹುದು ಎಂಬುದನ್ನು ಅವರು ಮಾಡಿ ತೋರಿಸಿದ್ದರು.

ಆ ಕಾಲಕ್ಕೆ ಇದು ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ್ದ ಶಿಕ್ಷಕರ ಸಮ್ಮೇಳನ, ಕಿವುಡರ ಶಾಲೆಗಳಲ್ಲಿ ಸನ್ನೆಗಳನ್ನು ಬಿಟ್ಟು ಬಾಯಿಮಾತಿನಿಂದಲೇ ಕಲಿಸಬೇಕೆಂದು ನಿರ್ಣಯಿಸಿತ್ತು. ಮುಂದಿನ ನೂರು ವರ್ಷ ಲೋಕದ ಬಹುಪಾಲು ಶಾಲೆಗಳು ಆ ದಾರಿಯನ್ನೇ ಹಿಡಿದವು. ಮಕ್ಕಳು ತುಟಿಯ ಚಲನೆ ನೋಡಿ ಮಾತು ಊಹಿಸಬೇಕು, ತಾವು ಕೇಳದ ದನಿಯನ್ನು ತಾವೇ ಹೊರಡಿಸಬೇಕು. ಕೀನ್ಯಾದ ಮೊದಲ ಕಿವುಡ ಶಾಲೆಗಳಲ್ಲೂ ಇದೇ ಪದ್ಧತಿಯಿತ್ತು. ತರಗತಿಯಲ್ಲಿ ಸನ್ನೆಗೆ ಅವಕಾಶ ಇರಲಿಲ್ಲ. ಆಟದ ಬಯಲಿನಲ್ಲಿ, ಮಲಗುವ ಕೋಣೆಯಲ್ಲಿ ಮಕ್ಕಳು ಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕೀನ್ಯಾದ ಸಂಜ್ಞಾ ಭಾಷೆ ಬೆಳೆದದ್ದೇ ಹೀಗೆ, ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ. 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ, ಸಂಜ್ಞಾ ಭಾಷೆಗೂ ಮಾತಿನ ಭಾಷೆಯಂತೆ ತನ್ನದೇ ರಚನೆ ಇದೆಯೆಂದು ಶಾಸ್ತ್ರೀಯವಾಗಿ ತೋರಿಸಿದ ಮೇಲೆ ಗಾಳಿ ನಿಧಾನವಾಗಿ ಬದಲಾಯಿತು. 1980ರ ದಶಕದಲ್ಲಿ ಕೀನ್ಯಾದ ಶಾಲೆಗಳು ತರಗತಿಯೊಳಕ್ಕೆ ಸನ್ನೆಯನ್ನು ಬಿಟ್ಟುಕೊಂಡವು. ಆದರೆ ಹಾಗೆ ಬಂದದ್ದು ಇಂಗ್ಲಿಷ್ ವಾಕ್ಯದ ಒಂದೊಂದು ಪದಕ್ಕೂ ಒಂದೊಂದು ಸನ್ನೆ ಹೊಂದಿಸಿದ, ಅಮೆರಿಕದಲ್ಲಿ ರೂಪುಗೊಂಡ ಪದ್ಧತಿ. ಮಕ್ಕಳು ತಮ್ಮತಮ್ಮಲ್ಲಿ ಆಡುವ ಭಾಷೆಯನ್ನು ನೈರೋಬಿ ವಿಶ್ವವಿದ್ಯಾಲಯದ ವಿದ್ವಾಂಸರು ದಾಖಲಿಸತೊಡಗಿದ್ದು 1990ರ ದಶಕದಲ್ಲಿ. 2010ರ ಹೊಸ ಸಂವಿಧಾನ ಆ ಭಾಷೆಯ ಬೆಳವಣಿಗೆ ಸರ್ಕಾರದ ಹೊಣೆ ಎಂದಿತು. ಸಂಸತ್ತಿನ ಅಧಿಕೃತ ಭಾಷೆಗಳ ಸಾಲಿನಲ್ಲಿ ಕಿಸ್ವಾಹಿಲಿ, ಇಂಗ್ಲಿಷಿನ ಪಕ್ಕದಲ್ಲೇ ಕೀನ್ಯಾ ಸಂಜ್ಞಾ ಭಾಷೆಗೂ ಜಾಗ ಸಿಕ್ಕಿತು.

ಸ್ವಯಂಸೇವಕ ಶಿಕ್ಷಕರ ಬದುಕು ಈ ಭಾಷೆಯ ಕಲಿಕೆಯಿಂದಲೇ ಆರಂಭವಾಗುತ್ತದೆ. ಪೀಸ್ ಕೋರ್‌ನಲ್ಲಿ ಸೇವೆಯ ಅವಧಿ ಒಟ್ಟು 27 ತಿಂಗಳು. ಮೊದಲ ಮೂರು ತಿಂಗಳಷ್ಟು ತರಬೇತಿಗೆ, ಉಳಿದ ಎರಡು ವರ್ಷ ಕೆಲಸಕ್ಕೆ. ತರಬೇತಿಯ ದಿನಗಳಲ್ಲಿ ಸ್ಥಳೀಯ ಕುಟುಂಬವೊಂದರ ಮನೆಯಲ್ಲಿ ವಾಸ. ಮನೆಯವರೊಡನೆ, ಅಂಗಡಿಯವರೊಡನೆ ಮಾತಾಡಲು ಕಿಸ್ವಾಹಿಲಿ. ಮಕ್ಕಳೊಡನೆ ಮಾತಾಡಲು ಸಂಜ್ಞಾ ಭಾಷೆ. ಅದನ್ನು ಕಲಿಸುವವರು ಹೆಚ್ಚಾಗಿ ಅಲ್ಲಿಯ ಕಿವುಡ ವಯಸ್ಕರೇ. ಅಮೆರಿಕದ ಸಂಜ್ಞಾ ಭಾಷೆ ಬಲ್ಲವರಿಗೂ ಇಲ್ಲಿ ಮತ್ತೆ ಕಲಿಯುವುದು ಬಹಳ ಇರುತ್ತದೆ. ಬೆರಳಿನಿಂದ ಅಕ್ಷರ ತೋರಿಸುವ ಕ್ರಮ ಎರಡೂ ದೇಶಗಳಲ್ಲಿ ಒಂದು ಕೈಯದು, ಬಹುಪಾಲು ಒಂದೇ. ಆದರೆ ದಿನಬಳಕೆಯ ಎಷ್ಟೋ ಸನ್ನೆಗಳು ಬೇರೆ. ಭಾರತದಿಂದ ಹೋದವರಿಗಾದರೆ ಅಕ್ಷರಗಳೂ ಹೊಸವು, ಏಕೆಂದರೆ ಭಾರತದಲ್ಲಿ ಬಳಕೆಯಲ್ಲಿರುವುದು ಎರಡು ಕೈಗಳ ಬೆರಳಕ್ಷರ. ವಾಕ್ಯದ ಕಟ್ಟು ಮಾತ್ರ ಕನ್ನಡಿಗರಿಗೆ ಸಲೀಸು. ಏನು, ಯಾರು, ಎಲ್ಲಿ ಎಂಬ ಪ್ರಶ್ನೆಯ ಸನ್ನೆ ಅಲ್ಲಿ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ‘ನಿನ್ನ ಹೆಸರು ಏನು’ ಎಂದು ಕೇಳಿದ ಹಾಗೆ. ಕೈಯ ಜೊತೆಗೆ ಮುಖವೂ ಮಾತಾಡಬೇಕು. ಹುಬ್ಬು ಮೇಲೇರಿಸುವುದು, ಗಂಟಿಕ್ಕುವುದು, ಕೆನ್ನೆ ಉಬ್ಬಿಸುವುದು ಇವೆಲ್ಲ ವ್ಯಾಕರಣದ ಭಾಗಗಳು. ಮುಖ ಬಿಗಿಹಿಡಿದು ಕೈಯಾಡಿಸಿದರೆ ಹೇಳಿದ್ದು ಪ್ರಶ್ನೆಯೋ ಉತ್ತರವೋ ತಿಳಿಯುವುದಿಲ್ಲ.

ಭಾಷೆಯ ಎರಡನೆಯ ಪಾಠ ಶಾಲೆಯಲ್ಲಿ, ಮಕ್ಕಳಿಂದಲೇ. ಹೊಸಬರು ಬಂದ ಕೂಡಲೇ ಮಕ್ಕಳು ಸುತ್ತ ನೆರೆದು ಅವರಿಗೊಂದು ಸನ್ನೆಹೆಸರು ಇಡುತ್ತಾರೆ. ಕೆನ್ನೆಯ ಗುಳಿ, ಗಡ್ಡ, ಹಣೆಯ ಮೇಲಿನ ಕಲೆ, ಕನ್ನಡಕ, ನಡೆಯುವ ರೀತಿ, ಯಾವುದಾದರೂ ಎದ್ದು ಕಾಣುವ ಗುರುತು ಆ ಹೆಸರಿಗೆ ಆಧಾರ. ಶಿಕ್ಷಕರು ತಪ್ಪು ಸನ್ನೆ ಮಾಡಿದರೆ ಏಳೆಂಟು ವರ್ಷದ ಮಗುವೂ ಅವರ ಬೆರಳು ಹಿಡಿದು ತಿದ್ದುತ್ತದೆ. ತನಗೆ ಗೊತ್ತಿರುವುದನ್ನು ದೊಡ್ಡವರೊಬ್ಬರು ತನ್ನಿಂದ ಕಲಿಯುತ್ತಿದ್ದಾರೆ ಎಂಬ ಅರಿವು, ಮನೆಯಲ್ಲಿ ಯಾವಾಗಲೂ ಯಾರಿಗೂ ಅರ್ಥವಾಗದೆಯೇ ಉಳಿದ ಮಗುವಿಗೆ ದೊಡ್ಡ ಧೈರ್ಯ ಕೊಡುತ್ತದೆ.

ಆ ಮಕ್ಕಳು ಬರುವುದು ಎಲ್ಲಿಂದ, ಹೇಗೆ ಎಂಬುದನ್ನು ತಿಳಿದರೆ ಶಾಲೆಯ ಮಹತ್ವ ಅರ್ಥವಾಗುತ್ತದೆ. ಕೆಲವರು ಹುಟ್ಟುಕಿವುಡರು. ಇನ್ನು ಎಷ್ಟೋ ಮಂದಿ ಮೆದುಳು ಪೊರೆಯ ಜ್ವರ, ದಡಾರ, ಕೆಪ್ಪಟರಾಯ, ಗುಣವಾಗದೆ ಉಳಿದ ಕಿವಿಸೋರಿಕೆ ಇವುಗಳಿಂದ ಶ್ರವಣಶಕ್ತಿ ಕಳೆದುಕೊಂಡವರು. ಮಲೇರಿಯಾಕ್ಕೆ ಕೊಡುವ ಕ್ವಿನೀನ್, ಸೋಂಕಿಗೆ ಕೊಡುವ ಜೆಂಟಾಮೈಸಿನ್‌ನಂಥ ಔಷಧಗಳೂ ಪ್ರಮಾಣ ಮೀರಿದರೆ ಕಿವಿಗೆ ಹಾನಿ ಮಾಡುತ್ತವೆ. ಮಕ್ಕಳ ಶ್ರವಣದೋಷದಲ್ಲಿ ಶೇಕಡಾ 60ರಷ್ಟನ್ನು ಮುನ್ನೆಚ್ಚರಿಕೆಯಿಂದ ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತು ಕಿವುಡ ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳ ತಂದೆತಾಯಿಗೆ ಕಿವಿ ಕೇಳುತ್ತದೆ, ಅವರಿಗೆ ಸಂಜ್ಞಾ ಭಾಷೆ ಗೊತ್ತಿರುವುದಿಲ್ಲ. ಬಾ, ತಿನ್ನು, ನೀರು ತಾ, ದನ ಹೊಡೆದುಕೊಂಡು ಬಾ ಎಂಬಷ್ಟಕ್ಕೆ ಮನೆಯ ಕೈಸನ್ನೆಗಳು ಸಾಕು. ನಾಳೆ ಏನಾಗುತ್ತದೆ, ಅಜ್ಜಿ ಎಲ್ಲಿಗೆ ಹೋದಳು, ಮಳೆ ಯಾಕೆ ಬರುತ್ತದೆ ಎಂಬುದನ್ನು ಕೇಳಲೂ ಹೇಳಲೂ ಅವು ಸಾಲುವುದಿಲ್ಲ. ಹೀಗಾಗಿ ಎಂಟು, ಹತ್ತು ವರ್ಷವಾದರೂ ಯಾವ ಭಾಷೆಯೂ ಇಲ್ಲದೆ, ತನ್ನ ಹೆಸರೇನೆಂದೂ ತಿಳಿಯದೆ ಶಾಲೆಯ ಬಾಗಿಲಿಗೆ ಬರುವ ಮಕ್ಕಳಿದ್ದಾರೆ. ಅಂಥ ಮಗುವಿಗೆ ಮೊದಲು ಬೇಕಾದದ್ದು ಭಾಷೆ. ಅಕ್ಷರ, ಅಂಕಿ ಎಲ್ಲವೂ ಅದರ ಹಿಂದೆ ಬರುವಂಥವು.

ಕಿವುಡ ಶಾಲೆಗಳು ದೂರದೂರಕ್ಕೆ ಒಂದೊಂದು ಇರುವುದರಿಂದ ಬಹುಪಾಲು ವಸತಿ ಶಾಲೆಗಳೇ. ಮಕ್ಕಳು ತಗಡಿನ ಪೆಟ್ಟಿಗೆಯೊಂದರಲ್ಲಿ ಬಟ್ಟೆ, ಸಾಬೂನು, ಹೊದಿಕೆ ತುಂಬಿಕೊಂಡು ಬರುತ್ತಾರೆ. ಜನವರಿ, ಮೇ, ಸೆಪ್ಟೆಂಬರ್ ತಿಂಗಳುಗಳ ಆಸುಪಾಸಿನಲ್ಲಿ ಆರಂಭವಾಗುವ ಮೂರು ಅವಧಿಗಳು ಅಲ್ಲಿಯ ಶಾಲಾ ವರ್ಷ. ಬೋಧನಾ ಶುಲ್ಕವನ್ನು ಸರ್ಕಾರ 2003ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ತೆಗೆದುಹಾಕಿತು. ಆದರೆ ಊಟ, ವಸತಿ, ಪ್ರಯಾಣದ ಖರ್ಚಿನ ಭಾರ ಬಡ ಕುಟುಂಬಗಳ ಮೇಲೆ ಉಳಿದೇ ಇದೆ. ಅವಧಿ ಆರಂಭವಾಗಿ ವಾರಗಳು ಕಳೆದ ಮೇಲೆ ಬರುವ ಮಕ್ಕಳು ಇರುವುದಕ್ಕೆ ಇದೂ ಒಂದು ಕಾರಣ.

ಶಾಲೆಯ ದಿನ ಬೆಳಕು ಹರಿಯುವ ಮೊದಲೇ ಆರಂಭ. ಕೀನ್ಯಾ ಭೂಮಧ್ಯರೇಖೆಯ ಮೇಲಿರುವುದರಿಂದ ವರ್ಷವಿಡೀ ಸೂರ್ಯ ಬೆಳಿಗ್ಗೆ ಆರೂವರೆಯ ಸುಮಾರಿಗೆ ಹುಟ್ಟಿ ಸಂಜೆ ಆರೂವರೆಯ ಸುಮಾರಿಗೆ ಮುಳುಗುತ್ತಾನೆ. ಕಿಸ್ವಾಹಿಲಿಯಲ್ಲಿ ಗಂಟೆಯ ಲೆಕ್ಕ ಸೂರ್ಯೋದಯದಿಂದಲೇ. ಬೆಳಗಿನ ಏಳು ಅಲ್ಲಿ ಒಂದನೆಯ ಗಂಟೆ. ಎದ್ದ ಮಕ್ಕಳು ನೀರು ಹೊರುತ್ತಾರೆ, ಅಂಗಳ ಗುಡಿಸುತ್ತಾರೆ, ಉದ್ದನೆಯ ಕತ್ತಿ ಬೀಸಿ ಬಯಲಿನ ಹುಲ್ಲು ಕತ್ತರಿಸುತ್ತಾರೆ. ಚಿಕ್ಕವರಿಗೆ ಗುಂಡಿ ಹಾಕಿಕೊಡುವುದು, ಶೂ ಕಟ್ಟಿಕೊಡುವುದು ದೊಡ್ಡ ಮಕ್ಕಳ ಹೊಣೆ. ಬೆಳಗಿನ ಆಹಾರ ಮೆಕ್ಕೆಜೋಳದ ಅಥವಾ ರಾಗಿಯ ಗಂಜಿ, ಅದಕ್ಕೆ ಅಲ್ಲಿ ಉಜಿ ಎನ್ನುತ್ತಾರೆ. ಮಧ್ಯಾಹ್ನ ಮೆಕ್ಕೆಜೋಳದ ಕಾಳು, ಹುರುಳಿಕಾಯಿಯ ಬೀಜ ಬೇಯಿಸಿದ ಗಿಥೆರಿ. ರಾತ್ರಿಗೆ ಉಗಾಲಿ, ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ ಅಥವಾ ಎಲೆಕೋಸು. ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತಿರುವಿ ಗಟ್ಟಿಮಾಡಿದ ಉಗಾಲಿ ನಮ್ಮ ರಾಗಿಮುದ್ದೆಯ ಹಾಗೆಯೇ ಕೈಯಲ್ಲಿ ಮುರಿದು ತಿನ್ನುವಂಥದ್ದು. ಶಿಕ್ಷಕರ ಕೋಣೆಯಲ್ಲಿ ಹತ್ತು ಗಂಟೆಯ ಹೊತ್ತಿಗೆ ಹಾಲು ಹಾಕಿ ಕುದಿಸಿದ ಚಹಾ ತಪ್ಪದು. ಚಾಯ್, ಚಪಾತಿ ಎಂಬ ಹೆಸರುಗಳು ಕಿಸ್ವಾಹಿಲಿಯಲ್ಲಿ ಹಾಗೆಯೇ ಉಳಿದಿವೆ, ಅಷ್ಟು ಹಳೆಯದು ಹಿಂದೂ ಮಹಾಸಾಗರ ದಾಟಿದ ಭಾರತದ ನಂಟು.

ಇನ್ನು ತರಗತಿ. ಅಲ್ಲಿ ಎಲ್ಲವನ್ನೂ ನಿರ್ಧರಿಸುವುದು ಕಣ್ಣು. ಮಕ್ಕಳನ್ನು ಸಾಲಾಗಿ ಕೂರಿಸಿದರೆ ಹಿಂದಿನವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಅದಕ್ಕಾಗಿ ಬೆಂಚುಗಳನ್ನು ಅರ್ಧವೃತ್ತದಲ್ಲಿ ಇಡುತ್ತಾರೆ, ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಕೈ, ಮುಖ ಕಾಣಬೇಕು. ಕಿಟಕಿಗೆ ಬೆನ್ನು ಮಾಡಿ ನಿಂತರೆ ಶಿಕ್ಷಕರ ಮುಖ ಕತ್ತಲಾಗುತ್ತದೆ, ಹಾಗೆ ನಿಲ್ಲಬಾರದು. ಕಪ್ಪುಹಲಗೆಯ ಕಡೆ ತಿರುಗಿ ಬರೆಯುತ್ತಲೇ ವಿವರಿಸುವ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಬರೆದು, ತಿರುಗಿ, ಎಲ್ಲರ ಕಣ್ಣು ತಮ್ಮ ಕಡೆ ಬಂದ ಮೇಲೆ ಸನ್ನೆ ಮಾಡಬೇಕು. ಮಗುವೂ ಅಷ್ಟೇ, ಒಂದೇ ಹೊತ್ತಿಗೆ ಶಿಕ್ಷಕರನ್ನು ನೋಡುತ್ತ ಪುಸ್ತಕದಲ್ಲಿ ಬರೆಯಲಾರದು. ನೋಡುವ ಹೊತ್ತು, ಬರೆಯುವ ಹೊತ್ತು ಬೇರೆಬೇರೆ. ಗಮನ ಸೆಳೆಯಲು ಕೈ ಬೀಸಬೇಕು, ಭುಜ ಮುಟ್ಟಬೇಕು, ಮರದ ಬೆಂಚನ್ನು ತಟ್ಟಿ ಅದುರು ಮುಟ್ಟಿಸಬೇಕು. ದೂರದ ಮಗುವನ್ನು ಕರೆಯಬೇಕಾದರೆ ಹತ್ತಿರದ ಮಗುವಿಗೆ ಹೇಳಿದರೆ ಸಾಕು, ಒಬ್ಬರಿಂದೊಬ್ಬರಿಗೆ ಕರೆ ಹಬ್ಬಿ ತಲುಪುತ್ತದೆ.

ಅತಿ ಕಷ್ಟದ ವಿಷಯ ಇಂಗ್ಲಿಷ್. ಪಠ್ಯಪುಸ್ತಕ, ಪರೀಕ್ಷೆ ಎರಡೂ ಆ ಭಾಷೆಯಲ್ಲಿವೆ. ಕೇಳುವ ಮಗು ಸಾವಿರಾರು ಸಲ ಕಿವಿಗೆ ಬಿದ್ದ ಭಾಷೆಯನ್ನು ಓದಲು ಕಲಿಯುತ್ತದೆ. ಕಿವುಡ ಮಗು ಎಂದೂ ಕೇಳದ ಭಾಷೆಯನ್ನು ಅಚ್ಚಿನ ಮೂಲಕವೇ ಕಲಿಯಬೇಕು, ಅದೂ ಸಂಜ್ಞಾ ಭಾಷೆಗಿಂತ ಬೇರೆಯಾದ ಪದಕ್ರಮದಲ್ಲಿ. ಆದ್ದರಿಂದ ಅನುಭವದಿಂದ ಅಕ್ಷರಕ್ಕೆ ಹೋಗುವ ದಾರಿಯೇ ಒಳ್ಳೆಯದು. ಮಕ್ಕಳನ್ನು ಸಂತೆಗೆ ಕರೆದೊಯ್ಯುತ್ತಾರೆ. ಟೊಮೆಟೊ ರಾಶಿ, ತೂಕದ ಕಲ್ಲು, ಚೌಕಾಸಿ ಎಲ್ಲವನ್ನೂ ನೋಡಿ ಬಂದ ಮಕ್ಕಳು ಕಂಡದ್ದನ್ನು ಸನ್ನೆಯಲ್ಲಿ ಹೇಳುತ್ತಾರೆ, ಚಿತ್ರ ಬರೆಯುತ್ತಾರೆ. ಶಿಕ್ಷಕರು ಆ ಮಾತನ್ನೇ ಇಂಗ್ಲಿಷ್ ವಾಕ್ಯಗಳಾಗಿ ಹಲಗೆಯ ಮೇಲೆ ಬರೆಯುತ್ತಾರೆ. ಒಂದೊಂದು ಪದಕ್ಕೂ ವಸ್ತು, ಸನ್ನೆ, ಬೆರಳಕ್ಷರ, ಬರಹ ಈ ನಾಲ್ಕನ್ನೂ ಜೋಡಿಸುತ್ತಾರೆ. ಸನ್ನೆಯಲ್ಲಿ ಬೇರೆಯಾಗಿ ಕಾಣದ ಕಾಲಸೂಚಕ ಪ್ರತ್ಯಯಗಳನ್ನು, ಸಣ್ಣಪುಟ್ಟ ಪದಗಳನ್ನು ಎರಡು ಭಾಷೆಗಳ ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ತಿಳಿಸುತ್ತಾರೆ. ಗಣಿತದಲ್ಲಿ ಕೂಡು, ಕಳೆ, ಗುಣಿಸು ಎಲ್ಲ ಬೇಗ ಹಿಡಿಸುತ್ತವೆ. ಮಾತಿನಲ್ಲಿ ಕೊಟ್ಟ ಲೆಕ್ಕ ಬಂದಾಗ ಮಗು ನಿಲ್ಲುತ್ತದೆ. ಅದು ತಡವರಿಸುವುದು ಲೆಕ್ಕದಲ್ಲಿ ಅಲ್ಲ, ಪ್ರಶ್ನೆಯ ವಾಕ್ಯದಲ್ಲಿ. ಅದೇ ಪ್ರಶ್ನೆಯನ್ನು ಇಬ್ಬರು ಮಕ್ಕಳನ್ನು ನಿಲ್ಲಿಸಿ, ಕೈಗೆ ಕಿತ್ತಳೆ ಕೊಟ್ಟು ಅಭಿನಯಿಸಿದರೆ ಉತ್ತರ ತಾನಾಗಿ ಬರುತ್ತದೆ.

ಶ್ರವಣ ಸಾಧನಗಳ ವಿಷಯವೂ ದಿನಚರಿಯಲ್ಲಿ ಬರುತ್ತದೆ. ಸ್ವಲ್ಪ ಕೇಳುವ ಮಕ್ಕಳಿಗೆ ಅವು ಉಪಯುಕ್ತ. ಆದರೆ ಬ್ಯಾಟರಿ ಮುಗಿದರೆ ಹೊಸದು ತರಲು ಪಟ್ಟಣಕ್ಕೆ ಹೋಗಬೇಕು, ಮಗು ಬೆಳೆದಂತೆ ಕಿವಿಯ ಅಚ್ಚು ಬದಲಿಸಬೇಕು, ಧೂಳು ಬೆವರುಗಳಿಂದ ಕಾಪಾಡಬೇಕು. ದಾನವಾಗಿ ಬಂದ ಸಾಧನವನ್ನು ಸರಿಮಾಡುವವರು ಹತ್ತಿರದಲ್ಲಿ ಇಲ್ಲದಿದ್ದರೆ ಅದು ಪೆಟ್ಟಿಗೆ ಸೇರುತ್ತದೆ.

ಸಂಜೆ ಆಟ. ಕಾಲ್ಚೆಂಡಿನ ಪಂದ್ಯದಲ್ಲಿ ತೀರ್ಪುಗಾರರು ಸೀಟಿಯ ಬದಲು ಬಾವುಟ ಬೀಸುತ್ತಾರೆ. ನೃತ್ಯದ ಅಭ್ಯಾಸದಲ್ಲಿ ಮಕ್ಕಳು ಡೋಲಿನ ಅದುರನ್ನು ಮೈಯಿಂದ ಗ್ರಹಿಸಿ, ಒಬ್ಬರನ್ನೊಬ್ಬರು ನೋಡಿಕೊಂಡು ಹೆಜ್ಜೆ ಹಾಕುತ್ತಾರೆ. ಊಟವಾದ ಮೇಲೆ ಮತ್ತೆ ಓದಿನ ಹೊತ್ತು. ಆಗ ವಿದ್ಯುತ್ ಹೋದರೆ ಬೇರೆ ಶಾಲೆಗಳಲ್ಲಿ ಪಾಠ ನಿಂತೀತು, ಮಾತು ಮುಂದುವರಿದೀತು. ಇಲ್ಲಿ ಮಾತೂ ನಿಲ್ಲುತ್ತದೆ. ಸೀಮೆಎಣ್ಣೆಯ ಲಾಂದ್ರ, ಟಾರ್ಚು, ಸೌರದೀಪ ಯಾವುದೇ ಇರಲಿ, ಮಕ್ಕಳು ಅದರ ಸುತ್ತ ಸೇರಿ ಕೈಗಳನ್ನು ಬೆಳಕಿಗೆ ಹಿಡಿಯುತ್ತಾರೆ. ಕಿವುಡರ ವಸತಿಗೃಹಕ್ಕೆ ದೀಪ ಒದಗಿಸುವುದು ಭಾಷೆಯನ್ನು ಒದಗಿಸಿದಷ್ಟೇ ಮುಖ್ಯ ಎನ್ನುವುದು ಒಂದು ರಾತ್ರಿ ಅಲ್ಲಿ ಕಳೆದವರಿಗೆ ತಿಳಿಯುತ್ತದೆ.

ಶಾಲೆಯ ಹೊರಗಿನ ಬದುಕೂ ಸೇವೆಯ ಭಾಗವೇ. ಸ್ವಯಂಸೇವಕರಿಗೆ ಸಾಮಾನ್ಯವಾಗಿ ಶಾಲೆಯ ಆವರಣದಲ್ಲೋ ಪಕ್ಕದ ಹಳ್ಳಿಯಲ್ಲೋ ಚಿಕ್ಕ ಮನೆ. ತಗಡಿನ ಮಾಡಿನಿಂದ ಇಳಿದ ಮಳೆನೀರು ತೊಟ್ಟಿಗೆ, ಅಡುಗೆ ಇದ್ದಿಲಿನ ಒಲೆಯ ಮೇಲೆ ಅಥವಾ ಸೀಮೆಎಣ್ಣೆಯ ಸ್ಟೌವಿನ ಮೇಲೆ, ಬಟ್ಟೆ ಕೈಯಿಂದಲೇ ಒಗೆಯುವುದು. ಪಟ್ಟಣಕ್ಕೆ ಹೋಗಲು ಮಟಾಟು ಎಂಬ ಕಿಕ್ಕಿರಿದ ವ್ಯಾನು. ಕೈಗೆ ಸಿಗುವ ಭತ್ಯೆ ಊರಿನ ಸಾಧಾರಣ ಜೀವನಕ್ಕೆ ತಕ್ಕಷ್ಟು. ವಾರದ ಸಂತೆಗೆ ಮಕ್ಕಳೊಡನೆ ಸನ್ನೆಯಲ್ಲಿ ಮಾತಾಡುತ್ತ ನಡೆದು ಹೋಗುವ ಶಿಕ್ಷಕರನ್ನು ಊರವರು ನೋಡುತ್ತಾರೆ. ಅಂಗಡಿಯವರು ಮೊದಲು ಉಪ್ಪು, ಸಕ್ಕರೆ, ಸಾಬೂನಿನ ಸನ್ನೆ ಕಲಿಯುತ್ತಾರೆ, ಆಮೇಲೆ ಕುಶಲ ಕೇಳುವುದನ್ನು. ಕಿವುಡುತನವನ್ನು ಶಾಪವೆಂದು ತಿಳಿದು ಮಗುವನ್ನು ಮನೆಯೊಳಗೇ ಇಟ್ಟ ಪೋಷಕರು, ಅದೇ ವಯಸ್ಸಿನ ಇನ್ನೊಂದು ಕಿವುಡ ಮಗು ಲೆಕ್ಕ ಹಾಕಿ ಚಿಲ್ಲರೆ ಎಣಿಸುವುದನ್ನು ಕಂಡು ಶಾಲೆಯ ವಿಚಾರ ಕೇಳಲು ಬರುವುದುಂಟು. ಯಾವ ಭಾಷಣವೂ ಮಾಡಲಾರದ ಕೆಲಸ ಇದು.

ಹಳ್ಳಿಗಳಿಗೆ ಸುದ್ದಿ ತಲುಪಿಸುವ ದೊಡ್ಡ ಸಾಧನ ಕೀನ್ಯಾದಲ್ಲೂ ಬಾನುಲಿಯೇ. ಲಸಿಕೆ, ಮಳೆ, ಚುನಾವಣೆ, ರೋಗದ ಎಚ್ಚರಿಕೆ ಎಲ್ಲವೂ ಕಿವಿಯ ದಾರಿಯಲ್ಲಿ ಬರುತ್ತವೆ, ಕಿವುಡರನ್ನು ಬಿಟ್ಟು ಹೋಗುತ್ತವೆ. ಏಡ್ಸ್ ರೋಗ ದೇಶವನ್ನು ಕಾಡಿದ ವರ್ಷಗಳಲ್ಲಿ ಇದರ ಪರಿಣಾಮ ಗಂಭೀರವಾಗಿತ್ತು. ಸೋಂಕು ಹೇಗೆ ಹರಡುತ್ತದೆ ಎಂಬ ಮೂಲ ಸಂಗತಿಯೂ ಎಷ್ಟೋ ಕಿವುಡ ಯುವಜನರನ್ನು ಮುಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಅವರ ಮಾತು ತಿಳಿಯುವವರೂ ಇರಲಿಲ್ಲ. ಸ್ವಯಂಸೇವಕರು ಕಿವುಡ ವಯಸ್ಕರ ಜೊತೆ ಸೇರಿ ಸನ್ನೆಯ ಚಿತ್ರಗಳಿರುವ ಭಿತ್ತಿಪತ್ರಗಳನ್ನು ಮಾಡಿದರು, ಆರೋಗ್ಯದ ಪಾಠ ಹೇಳಿದರು. ತನ್ನ ದೇಹ ತನ್ನದು, ಬೇಡದ್ದಕ್ಕೆ ಬೇಡ ಎನ್ನಬಹುದು, ತೊಂದರೆಯಾದರೆ ಇಂಥವರಿಗೆ ಹೇಳಬೇಕು ಎಂಬುದನ್ನು ಮಕ್ಕಳಿಗೆ ಕಲಿಸುವುದೂ ಇದರ ಭಾಗ. ಹೇಳಿಕೊಳ್ಳಲು ಭಾಷೆ ಇಲ್ಲದ ಮಗುವನ್ನು ಹಿಂಸಿಸುವುದು ಸುಲಭವೆಂದು ದುಷ್ಟರಿಗೆ ಗೊತ್ತಿರುತ್ತದೆ. ಭಾಷೆ ಇಲ್ಲಿ ನೇರವಾಗಿ ರಕ್ಷಣೆ.

ರಜೆ ಬಂದಾಗ ಮಕ್ಕಳು ಮನೆಗೆ ಹೋಗುತ್ತಾರೆ. ಅಪ್ಪ ಅಮ್ಮಂದಿರನ್ನು ಕಾಣುವ ಸಂತೋಷದ ಜೊತೆಗೆ, ಮಾತಾಡುವವರು ಯಾರೂ ಇಲ್ಲದ ವಾರಗಳೂ ಅವರಿಗಾಗಿ ಕಾದಿರುತ್ತವೆ. ಮರಳಿ ಶಾಲೆಗೆ ಬಂದ ದಿನ ಗೆಳೆಯರ ನಡುವೆ ಕೈಗಳು ಬಿಡುವಿಲ್ಲದೆ ಆಡುತ್ತವೆ. ಹೀಗಾಗಿ ಕರೆದೊಯ್ಯಲು ಬಂದ ತಾಯಿಗೆ, ಅಣ್ಣನಿಗೆ, ಅಜ್ಜಿಗೆ ಒಂದಷ್ಟು ಸನ್ನೆ ಕಲಿಸಿ ಕಳುಹಿಸುವುದನ್ನು ಒಳ್ಳೆಯ ಶಿಕ್ಷಕರು ಮರೆಯುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ಸನ್ನೆ ಬಲ್ಲವರಿದ್ದರೆ ಆ ಮಗುವಿನ ರಜೆಯೇ ಬೇರೆ.

ಶಾಲೆ ಮುಗಿದ ಮೇಲಿನ ದಾರಿ ಇನ್ನೂ ಕಿರಿದು. ಪ್ರೌಢಶಾಲೆಗೆ ಹೋಗುವವರು ಕಡಿಮೆ. ಹೊಲಿಗೆ, ಬಡಗಿ ಕೆಲಸ, ಗಾರೆ ಕೆಲಸ ಕಲಿಯುವವರು ಹೆಚ್ಚು. ನೈರೋಬಿಯ ಕರೆನ್ ಬಡಾವಣೆಯಲ್ಲಿರುವ ಕಿವುಡರ ತಾಂತ್ರಿಕ ತರಬೇತಿ ಸಂಸ್ಥೆಯಂಥವು ಕೆಲವರಿಗೆ ಕೈಕಸುಬಿನ ಪ್ರಮಾಣಪತ್ರ ಕೊಡುತ್ತವೆ. ಸಂಜ್ಞಾ ಭಾಷೆ ಪರೀಕ್ಷೆಯ ವಿಷಯವಾದದ್ದರಿಂದ ಮಕ್ಕಳು ತಾವು ಚೆನ್ನಾಗಿ ಬಲ್ಲದ್ದರಲ್ಲಿ ಅಂಕ ಪಡೆಯುವಂತಾಯಿತು. ಕಿವುಡರೇ ತರಬೇತಿ ಪಡೆದು ಶಿಕ್ಷಕರಾಗಿ ಬಂದ ಶಾಲೆಗಳಲ್ಲಿ, ತಾವೂ ಬೆಳೆದು ಹೀಗೆ ಆಗಬಹುದೆಂಬುದಕ್ಕೆ ಮಕ್ಕಳ ಕಣ್ಣೆದುರೇ ಉದಾಹರಣೆ ಇರುತ್ತದೆ.

ಎರಡು ವರ್ಷಕ್ಕೆ ಬಂದವರು ಎರಡು ವರ್ಷಕ್ಕೆ ಹೋಗುತ್ತಾರೆ. ಭಾಷೆ ಚೆನ್ನಾಗಿ ಕೈಗೆ ಹತ್ತುವ ಹೊತ್ತಿಗೆ ಅವಧಿಯ ಅರ್ಧ ಕಳೆದಿರುತ್ತದೆ. ಮಕ್ಕಳಿಗೆ ಅವರ ಅಗಲಿಕೆ ನೋವು ಕೊಡುತ್ತದೆ. ಈ ಸೇವೆಯ ಮಿತಿ ಇದು. ಅದನ್ನು ತಿಳಿದವರು ತಮ್ಮ ಹೆಸರಿನಲ್ಲಿ ನಡೆಯುವ ಕೆಲಸ ಹಚ್ಚಿಕೊಳ್ಳುವುದಿಲ್ಲ. ಸ್ಥಳೀಯ ಶಿಕ್ಷಕರ ಜೊತೆ ಕೂತು ಪಾಠದ ಚಿತ್ರಗಳನ್ನು, ಸನ್ನೆಪಟ್ಟಿಗಳನ್ನು ಸಿದ್ಧಪಡಿಸುತ್ತಾರೆ, ಕಿವುಡ ಸಹೋದ್ಯೋಗಿಗಳನ್ನು ಸಭೆಯಲ್ಲಿ ಮುಂದೆ ಕೂರಿಸುತ್ತಾರೆ, ಸನ್ನೆ ಬಾರದ ಶಿಕ್ಷಕರಿಗೂ ಅಡುಗೆಯವರಿಗೂ ಮಕ್ಕಳಿಂದಲೇ ಪಾಠ ಹೇಳಿಸುತ್ತಾರೆ. ಸ್ವಯಂಸೇವಕರು ಹೊರಟ ಮೇಲೆ ಆ ಶಾಲೆಯಲ್ಲಿ ಮೊದಲಿಗಿಂತ ಹೆಚ್ಚು ಮಂದಿ ಮಕ್ಕಳ ಭಾಷೆಯಲ್ಲಿ ಮಾತಾಡುವಂತಾಗಿದ್ದರೆ, ಅವರು ಬಂದ ಕೆಲಸ ಆಗಿದೆ ಎಂದೇ ಹೇಳಬೇಕು.